ಹುಬ್ಬಳ್ಳಿಗೆ ಬಂದ ಸೂಲಗಿತ್ತಿ

ಹೊನ್ನಾವರದಿಂದ ಗೇರುಸೊಪ್ಪೆಗೆ ಶರಾವತಿಯ ಮೇಲೆ ದೋಣಿಯಲ್ಲಿ ಹೋಗುವವರಿಗೆ ಅರ್ಧ ದಾರಿಯಲ್ಲಿ ನಮ್ಮ ಮನೆ ಸಿಗುತ್ತಿತ್ತು. ಅಪ್ಪ ದೋಣಿ ಕಟ್ಟುವ ಆಚಾರಿ. ಆಯಿ, ಅಂದರೆ ಅಮ್ಮ, ಸೂಲಗಿತ್ತಿ. ಮನೆಯ ಕೆಳಗೆ ದೋಣಿಯೊಂದು ಬಂದು ನಿಂತಿತೆಂದರೆ ಒಂದೋ ಅಪ್ಪನಿಗೆ ಕೆಲಸ, ಇಲ್ಲವೇ ಆಯಿಗೆ ಕರೆ. ಕರೆ ಬಂದರೆ ಆಯಿ ಮಾಡುತ್ತಿದ್ದ ಕೆಲಸ ಬಿಟ್ಟು ಕೈ ತೊಳೆದುಕೊಂಡು, ಉಗುರು ನೋಡಿಕೊಂಡು ದೋಣಿ ಹತ್ತುತ್ತಿದ್ದಳು. ಮರಳಿ ಬರುವುದು ಮರುದಿನವೋ, ಮೂರನೆಯ ದಿನವೋ. ಹೊಳೆಸಾಲಿನ ಎರಡೂ ದಂಡೆಗಳಲ್ಲಿ ಅವಳ ಕೈಯಲ್ಲಿ ಹುಟ್ಟಿದ ಮಕ್ಕಳಿದ್ದರು. ಅವಳ ಜೊತೆ ಸಂತೆಗೆ ಹೋದರೆ ನಾಲ್ಕು ಹೆಜ್ಜೆಗೊಬ್ಬರು ನಿಲ್ಲಿಸಿ ಮಾತಾಡಿಸುತ್ತಿದ್ದರು. ನನಗೆ ಅದು ಬೇಸರ ತರುತ್ತಿತ್ತು. ಅದರ ಬೆಲೆ ಆಗ ಗೊತ್ತಿರಲಿಲ್ಲ.

ನಾವು ಆ ಊರು ಬಿಟ್ಟದ್ದು ನನ್ನಿಂದಾಗಿ. ಆರನೆಯ ವರ್ಷದಿಂದ ನನಗೆ ಚಳಿಜ್ವರ. ದಿನ ಬಿಟ್ಟು ದಿನ ಮಧ್ಯಾಹ್ನದ ಹೊತ್ತಿಗೆ ಹಲ್ಲು ಕಟಕಟಿಸುವ ಚಳಿ, ಆಮೇಲೆ ಮೈಸುಡುವ ಜ್ವರ, ಕೊನೆಗೆ ಚಾಪೆ ತೋಯುವಷ್ಟು ಬೆವರು. ಹೊಳೆಯ ಮೇಲ್ಭಾಗದಲ್ಲಿ ಇದು ಹೊಸತೇನಲ್ಲ. ಜ್ವರದಿಂದ ಖಾಲಿಯಾದ ಮನೆಗಳೇ ಇದ್ದವು. ನನ್ನ ಎಡ ಪಕ್ಕೆಯ ಕೆಳಗೆ ಗಡ್ಡೆ ಬೆಳೆದು ಹೊಟ್ಟೆ ಉಬ್ಬಿಕೊಂಡಿತ್ತು, ಕೈಕಾಲು ಕಡ್ಡಿಯಾಗಿದ್ದವು. ಯುದ್ಧ ಶುರುವಾದ ಮೇಲೆ ಕ್ವಿನೈನ್ ಸಿಗುವುದೂ ಅಪರೂಪವಾಯಿತು. ಅಪ್ಪ ನನ್ನನ್ನು ಹೊತ್ತುಕೊಂಡು ಕುಮಟೆಯ ಡಾಕ್ಟರರ ಹತ್ತಿರ ಹೋದ. ಅವರು ಹೊಟ್ಟೆ ಒತ್ತಿ ನೋಡಿ, "ಇವಳನ್ನು ಈ ನೀರು, ಈ ಗಾಳಿ ಬಿಡಿಸಿ. ಘಟ್ಟ ಹತ್ತಿ ಬಯಲುಸೀಮೆಯ ಕಡೆ ಎಲ್ಲಾದರೂ ಇಟ್ಟು ನೋಡಿ" ಎಂದರು.

ಅದೇ ಸಮಯಕ್ಕೆ ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಯಲ್ಲಿ ಬಡಗಿಗಳು ಬೇಕಾಗಿದ್ದಾರೆಂದು ಅಪ್ಪನ ಪರಿಚಯದವರೊಬ್ಬರು ಬರೆದಿದ್ದರು. ಅಪ್ಪ ಒಪ್ಪಿದ. ಆಯಿ ಒಪ್ಪಲಿಲ್ಲ. ಅವಳನ್ನು ಒಪ್ಪಿಸಿದ್ದು ಚಿಕ್ಕಿ.

ಚಿಕ್ಕಿ ಅಂದರೆ ಆಯಿಯ ತಂಗಿ, ಅವಳಿಗಿಂತ ಹತ್ತು ವರ್ಷ ಚಿಕ್ಕವಳು. ಆಯಿಯೇ ಅವಳನ್ನು ಎತ್ತಿ ಆಡಿಸಿ ಬೆಳೆಸಿದ್ದಂತೆ. ಚಿಕ್ಕಪ್ಪ ಮುಂಬಯಿಗೆ ಹೋಗುವ ಮಚವೆ ಎಂಬ ಹಾಯಿಹಡಗಿನ ಮೇಲೆ ಕೆಲಸಕ್ಕಿದ್ದ. ಮಳೆಗಾಲದಲ್ಲಿ ಹಾಯಿ ಇಳಿಸಿದಾಗ ಮಾತ್ರ ಮನೆಯಲ್ಲಿರುತ್ತಿದ್ದ. ಹಾಗಾಗಿ ಚಿಕ್ಕಿ ನಮ್ಮ ಪಕ್ಕದಲ್ಲೇ ಇದ್ದ ಅಜ್ಜಿಯ ಮನೆಯಲ್ಲಿ ಉಳಿದಿದ್ದಳು. ಎರಡು ಸಲ ಬಸುರಾಗಿ ಎರಡೂ ಉಳಿದಿರಲಿಲ್ಲ. ಎರಡನೆಯ ಸಲ ಅವಳೇ ಹೋಗಿಬಿಡುತ್ತಿದ್ದಳು, ಆಯಿ ಇದ್ದದ್ದಕ್ಕೆ ಬದುಕಿದಳು ಎಂದು ಅಜ್ಜಿ ಹೇಳುತ್ತಿದ್ದಳು.

"ನಾ ಹೋದ್ರೆ ಇಲ್ಲಿ ಯಾರು ನೋಡೂದೆ?" ಎಂದು ಆಯಿ ಕೇಳಿದಳು.

"ಎಂತ, ನೀ ಹುಟ್ಟೂ ಮೊದ್ಲು ಈ ಹೊಳೆಸಾಲಲ್ಲಿ ಮಕ್ಕಳೇ ಹುಟ್ತಿರ್ಲಿಲ್ವಾ?" ಎಂದು ಚಿಕ್ಕಿ ನಕ್ಕಳು. ಆಮೇಲೆ ನನ್ನನ್ನು ಹತ್ತಿರ ಎಳೆದುಕೊಂಡು ನನ್ನ ಹೊಟ್ಟೆಯ ಮೇಲೆ ಕೈಯಿಟ್ಟಳು. "ನೋಡು ಅಕ್ಕ. ಇನ್ನೊಂದು ಮಳೆಗಾಲ ತಡೆಯೂದಿಲ್ಲ ಇದು. ನೀ ಹೋಗು."

ಮಾರನೆಯ ವಾರ ನಾವು ಕುಮಟೆಯಿಂದ ಇದ್ದಿಲಿನ ಬಸ್ಸು ಹತ್ತಿದೆವು. ಪೆಟ್ರೋಲು ಸಿಗದ ಕಾಲ. ಹಿಂದುಗಡೆ ಕಟ್ಟಿದ ಒಲೆಯ ಹೊಗೆಯಿಂದಲೇ ಓಡುತ್ತಿತ್ತು ಅದು. ಘಟ್ಟದ ಏರಿನಲ್ಲಿ ಎಲ್ಲರೂ ಇಳಿದು ನಡೆಯಬೇಕಾಯಿತು. ಅಪ್ಪ ನನ್ನನ್ನು ಬೆನ್ನಮೇಲೆ ಹಾಕಿಕೊಂಡು ನಡೆದ. ಆಯಿ ಎಲ್ಲರಿಗಿಂತ ಹಿಂದೆ ಬರುತ್ತಿದ್ದಳು.

ಹುಬ್ಬಳ್ಳಿಯಲ್ಲಿ ನಮಗೆ ಸಿಕ್ಕಿದ್ದು ರೈಲು ಹಳಿಯ ಹತ್ತಿರದ ಒಂದು ಚಾಳದಲ್ಲಿ ಒಂದೂವರೆ ಕೋಣೆ. ಬೀದಿಯಲ್ಲಿ ವಿದ್ಯುತ್ ದೀಪ, ತಿರುವಿದರೆ ನೀರು ಬರುವ ನಲ್ಲಿ, ಕೂಗಳತೆಯಲ್ಲಿ ಹೆಣ್ಣುಮಕ್ಕಳ ಶಾಲೆ. ಮೊದಲ ಚಳಿಗಾಲದಲ್ಲೇ ನನ್ನ ಜ್ವರದ ಸರದಿ ತಪ್ಪತೊಡಗಿತು. ಬೇಸಿಗೆಯ ಹೊತ್ತಿಗೆ ಗಡ್ಡೆ ಕೈಗೆ ಸಿಗದಷ್ಟಾಯಿತು. ಎರಡು ಜೋಳದ ರೊಟ್ಟಿ ತಿಂದು ಮೂರನೆಯದಕ್ಕೆ ಕೈ ಚಾಚಿದ ದಿನ ಅಪ್ಪ ಕಣ್ಣೊರೆಸಿಕೊಂಡದ್ದು ನೆನಪಿದೆ. ಶಾಲೆಯಲ್ಲಿ ನಾನು "ಎಂತ" ಅಂದರೆ ಹುಡುಗಿಯರು ನಗುತ್ತಿದ್ದರು. ಒಂದು ತಿಂಗಳಲ್ಲಿ ನಾನೂ "ಏನ್ರೀ" ಅನ್ನಲು ಕಲಿತೆ. ಮಕ್ಕಳಿಗೆ ಊರು ಬದಲಿಸುವುದು ಅಂಗಿ ಬದಲಿಸಿದಷ್ಟು ಸುಲಭ.

ಆಯಿಗೆ ಹಾಗಾಗಲಿಲ್ಲ. ಅಲ್ಲಿ ಅವಳು ಯಾರೆಂದು ಯಾರಿಗೂ ಗೊತ್ತಿಲ್ಲ. ಹೆರಿಗೆಗೆ ಆಸ್ಪತ್ರೆ ಇತ್ತು, ಇಲ್ಲದಿದ್ದರೆ ಅವರವರ ಓಣಿಯ ಸೂಲಗಿತ್ತಿಯರಿದ್ದರು. ಕರಾವಳಿಯಿಂದ ಬಂದ ಒಬ್ಬ ಬಡಗಿಯ ಹೆಂಡತಿಯನ್ನು ಯಾಕೆ ಕರೆಯುತ್ತಾರೆ? ಒಮ್ಮೆ ಊರಿಂದ ತಂದ ಒಣಮೀನು ಸುಟ್ಟಾಗ ಅಕ್ಕಪಕ್ಕದವರು ಬಾಗಿಲು ಹಾಕಿಕೊಂಡರು. ಆಯಿ ಉಳಿದ ಮೀನನ್ನು ಕಾಗದದಲ್ಲಿ ಸುತ್ತಿ ಅಪ್ಪನ ಕೈಯಲ್ಲಿ ಕಾರ್ಖಾನೆಯಲ್ಲಿದ್ದ ನಮ್ಮ ಊರವರಿಗೆ ಕಳಿಸಿಬಿಟ್ಟಳು. ಮತ್ತೆ ಮನೆಯಲ್ಲಿ ಮೀನು ಬೇಯಲಿಲ್ಲ. ಕೆಲಸ ಮುಗಿದ ಮೇಲೆ ಅವಳು ಬಾಗಿಲ ಮೆಟ್ಟಿಲ ಮೇಲೆ ಸುಮ್ಮನೆ ಕೂತಿರುತ್ತಿದ್ದಳು. ಬಸುರಿ ಹೆಂಗಸು ಬೀದಿಯಲ್ಲಿ ಹೋದರೆ ಅವಳ ನಡಿಗೆಯನ್ನು ಓಣಿಯ ತಿರುವಿನವರೆಗೂ ನೋಡುತ್ತಿದ್ದಳು. "ಅವ್ಳಿಗೆ ಇನ್ನು ಎಂಟು ದಿನ" ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ಎರಡನೆಯ ವರ್ಷ ಊರಿನಿಂದ ಕಾಗದ ಬಂತು, ಶಾಲೆಯ ಮಾಸ್ತರರ ಕೈಯಲ್ಲಿ ಬರೆಸಿದ್ದು. ಚಿಕ್ಕಿಗೆ ಐದು ತಿಂಗಳು. ಆಯಿ ಅಪ್ಪನಿಂದ ಉತ್ತರ ಬರೆಸಿದಳು: ಅವಳನ್ನು ಇಲ್ಲಿಗೇ ಕಳಿಸಿ, ನಾನೂ ಇದ್ದೇನೆ, ಆಸ್ಪತ್ರೆಯೂ ಇದೆ. ಬಸುರಿ ಘಟ್ಟ ದಾಟಬಾರದೆಂದು ಅಜ್ಜಿ ಒಪ್ಪಲಿಲ್ಲ. ಹಾಗಾದರೆ ಮಳೆಗಾಲಕ್ಕೆ ಮೊದಲು ತಾನೇ ಇಳಿದು ಬರುವುದಾಗಿ ಆಯಿ ಮಾತು ಕೊಟ್ಟಳು.

ಹೊರಡುವ ವಾರ ಎದುರು ಮನೆಯ ಮುದುಕಿ ಬಂದಳು. ಅವಳ ಸೊಸೆ ತುಂಬು ಬಸುರಿ. ಹಿಂದೊಮ್ಮೆ ಓಣಿಯ ಕೂಸೊಂದು ಅತ್ತೂ ಅತ್ತೂ ನೀಲಿಯಾದಾಗ ಆಯಿ ಅದರ ಹೊಟ್ಟೆಗೆ ಎಣ್ಣೆ ತಿಕ್ಕಿ ಸುಮ್ಮನಾಗಿಸಿದ್ದನ್ನು ಮುದುಕಿ ನೋಡಿದ್ದಳು.

"ನಿಮ್ಮ ಕೈ ಭಾಳ ಚಲೋ ಐತ್ರಿ. ಆಸ್ಪತ್ರಿ ಅಂದ್ರ ನಮ್ಮ ಹುಡುಗಿ ಹೆದರ್ತಾಳ. ನೀವ ಬಂದು ಹೆರಿಗಿ ಮಾಡಿಸಿಕೊಡ್ರಿ" ಎಂದಳು.

ಆಯಿಯ ಮುಖ ನಾನು ಎರಡು ವರ್ಷದಿಂದ ನೋಡದ ಹಾಗೆ ಬದಲಾಯಿತು. ಅವಳು ಎದ್ದು ಹೋಗಿ ಆ ಸೊಸೆಯ ಹೊಟ್ಟೆ ಮುಟ್ಟಿ ನೋಡಿ ಬಂದಳು. ಕಾರಹುಣ್ಣಿಮೆಯ ಆಸುಪಾಸು ಅಂದಳು.

"ಮಿರ್ಗದ ಮಳೆ ಹಿಡಿದ್ರೆ ಘಟ್ಟ ಇಳಿಯೂಕಾಗೂದಿಲ್ಲ. ಮೊದ್ಲೇ ಹೋಗ್ಬಿಡು" ಎಂದ ಅಪ್ಪ.

"ತಂಗಿಗೆ ಇನ್ನೂ ತಿಂಗಳ ಮೇಲೆ ಅದೆ. ಇದೊಂದು ಮುಗಿಸ್ಕಂಡು ಹೋಗ್ತೆ."

"ಲೆಕ್ಕ ತಪ್ಪಿದ್ರೆ?"

"ನನ್ನ ಲೆಕ್ಕ ಎಂದು ತಪ್ಪಿದೆ?" ಎಂದಳು ಆಯಿ. ಅದು ನಿಜವೂ ಆಗಿತ್ತು.

ಎದುರು ಮನೆಯಲ್ಲಿ ಗಂಡುಮಗು ಹುಟ್ಟಿತು, ಸುಸೂತ್ರವಾಗಿ. ಚಾಳಕ್ಕೆಲ್ಲ ಸಕ್ಕರೆ ಹಂಚಿದರು. ರೇಶನ್ನಿನ ಕಾಲದಲ್ಲಿ ಅದು ಸಣ್ಣ ಮಾತಲ್ಲ. ಹೆಂಗಸರು ಆಯಿಯನ್ನು "ಸೂಲಗಿತ್ತೆವ್ವ" ಎಂದು ಕರೆದರು. ಅಂದು ಅವಳು ಅಡುಗೆ ಮಾಡುತ್ತಾ ಹಾಡು ಗುನುಗಿದಳು. ಮೂರನೆಯ ದಿನ ಮಗುವಿಗೆ ನೀರು ಹಾಕಿ, ನನ್ನನ್ನು ಕರೆದುಕೊಂಡು ಹೊರಟಳು. ಅಷ್ಟರಲ್ಲಿ ಮಳೆ ಹಿಡಿದಿತ್ತು.

ಶಿರಸಿಯಲ್ಲಿ ಬಸ್ಸು ನಿಂತಿತು. ಘಟ್ಟದಲ್ಲಿ ಮಣ್ಣು ಕುಸಿದು ಮರಗಳು ಅಡ್ಡ ಬಿದ್ದಿವೆ, ದಾರಿ ಆಗುವವರೆಗೆ ಕಾಯಬೇಕು ಅಂದರು. ಮೊದಲ ದಿನ ಆಯಿ ನಿಶ್ಚಿಂತೆಯಿಂದಿದ್ದಳು. ಚಿಕ್ಕಿಗೆಂದು ತಂದ ಹಳೆಯ ಸೀರೆಯ ಅಂಚು ಹೊಲಿಯುತ್ತಾ ಕೂತಳು. ಎರಡನೆಯ ದಿನ ಐದಾರು ಸಲ ಹೋಗಿ ಡ್ರೈವರನನ್ನು ಕೇಳಿ ಬಂದಳು. ಮೂರನೆಯ ದಿನ ಬಸ್ಸು ಘಟ್ಟದ ತಲೆಯವರೆಗೆ ಹೋಯಿತು. ಅಲ್ಲಿಂದ ಕುಸಿದ ಜಾಗವನ್ನು ಮೊಣಕಾಲುದ್ದದ ಕೆಸರಿನಲ್ಲಿ ದಾಟಿ, ಕೆಳಗಿನಿಂದ ಬಂದಿದ್ದ ಇನ್ನೊಂದು ಬಸ್ಸು ಹತ್ತಿದೆವು. ಆ ರಾತ್ರಿ ಕುಮಟೆಯಲ್ಲಿ ಉಳಿದು ಮರುದಿನ ಹೊನ್ನಾವರಕ್ಕೆ ಬಂದೆವು.

ಬಂದರದಲ್ಲಿ ನಮ್ಮ ಕಡೆಯ ದೋಣಿಯವನು ಸಿಕ್ಕಿದ. ಅವನ ಇಬ್ಬರು ಮಕ್ಕಳೂ ಆಯಿಯ ಕೈಯಲ್ಲಿ ಹುಟ್ಟಿದವರು. ಅವನು ಆಯಿಯನ್ನು ನೋಡಿ ನಮ್ಮ ಗಂಟು ತೆಗೆದುಕೊಂಡ, ಕೂರಲು ಹಲಗೆ ಒರೆಸಿಕೊಟ್ಟ. ಹೊಳೆ ಕೆಂಪಾಗಿ ಉಕ್ಕಿ ಬರುತ್ತಿತ್ತು. ಅರ್ಧ ದಾರಿ ಕಳೆದರೂ ಅವನು ನೀರನ್ನೇ ನೋಡುತ್ತಿದ್ದ.

"ತಂಗಿ ಹೆಂಗಿದ್ಲೋ?" ಎಂದು ಆಯಿ ಕೇಳಿದಳು.

ಅವನು ಹುಟ್ಟು ಹಾಕುವುದನ್ನು ನಿಲ್ಲಿಸಲಿಲ್ಲ. "ಮನೆಗೆ ಹೋಗ್ವ ಅಕ್ಕ" ಎಂದ.

ಆಯಿ ಗಂಟನ್ನು ಮಡಿಲಿಗೆ ಎಳೆದುಕೊಂಡಳು.

ಚಿಕ್ಕಿ ತೀರಿಕೊಂಡು ಮೂರು ದಿನವಾಗಿತ್ತು. ನಾವು ಶಿರಸಿಯಲ್ಲಿ ಕೂತಿದ್ದ ಮೊದಲ ದಿನ. ತಿಂಗಳಿಗೆ ಮೊದಲೇ ನೋವು ಶುರುವಾಗಿ, ಎರಡು ದಿನ ನರಳಿ ಹೆತ್ತಿದ್ದಳು. ಹೆಣ್ಣುಮಗು ಉಳಿದಿತ್ತು. ಚಿಕ್ಕಪ್ಪ ಜಗಲಿಯ ಕಂಬಕ್ಕೊರಗಿ ಕೂತಿದ್ದ, ನಮ್ಮನ್ನು ಕಂಡು ಏಳಲೂ ಇಲ್ಲ. ಆಯಿ ಅಳುತ್ತಾಳೆಂದು ನಾನು ಕಾದೆ. ಅವಳು ಅಳಲಿಲ್ಲ. ಹೆರಿಗೆಗೆ ನಿಂತಿದ್ದ ನೆರೆಮನೆಯ ಹೆಂಗಸನ್ನು ಒಳಗೆ ಕೂರಿಸಿಕೊಂಡು ಒಂದೊಂದಾಗಿ ಕೇಳಿದಳು. ನೀರು ಯಾವಾಗ ಹೋಯಿತು. ತಲೆ ಹೇಗೆ ಬಂತು.

"ಮಾಸು ಬಿತ್ತಾ?"

"ಪೂರಾ ಬೀಳ್ಲಿಲ್ಲ ಅಕ್ಕ. ರಕ್ತ ನಿಲ್ಲಲೇ ಇಲ್ಲ. ಎಂತ ಮಾಡೂದು ನಂಗೆ ತಿಳಿಲಿಲ್ಲ."

"ಹೋದ ಸಲನೂ ಹಂಗೇ ಆಗಿತ್ತು ಅವ್ಳಿಗೆ" ಎಂದಳು ಆಯಿ. ಆಮೇಲೆ "ನಿನ್ನ ತಪ್ಪಲ್ಲ, ನೀ ಹೋಗು" ಎಂದು ಆ ಹೆಂಗಸನ್ನು ಕಳಿಸಿದಳು.

ಮುಂದಿನದನ್ನು ನಾನು ಬರೆಯದೆ ಬಿಡಬಹುದಿತ್ತು. ಮಧ್ಯಾಹ್ನ ಅಜ್ಜಿ ನನಗೆ ಗಂಜಿ ಬಡಿಸುತ್ತಾ, "ಮಳೆಗೆ ಮೊದ್ಲೇ ಬತ್ತೆ ಹೇಳಿದ್ಲಲ್ಲ ನಿನ್ನಾಯಿ, ಎಂತಕ್ಕೆ ತಡ ಆತು?" ಎಂದು ಕೇಳಿದಳು. ನಾನು ಹೇಳಿದೆ: ಎದುರು ಮನೆಯ ಅಕ್ಕನ ಹೆರಿಗೆ ಇತ್ತು, ಅದಕ್ಕೇ ನಿಂತೆವು, ಗಂಡು ಹುಟ್ಟಿತು, ಎಲ್ಲರಿಗೂ ಸಕ್ಕರೆ ಕೊಟ್ಟರು. ನನಗೆ ಒಂಬತ್ತು ವರ್ಷ. ಅಜ್ಜಿಯ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಅವಳು ಬಾಗಿಲಲ್ಲಿ ನಿಂತಿದ್ದ ಆಯಿಯನ್ನು ನೋಡಿದಳು. "ಎರಡು ದಿನ ಅಕ್ಕ ಬಂದ್ಲಾ, ಅಕ್ಕ ಬಂದ್ಲಾ ಕೇಳ್ತಾ ಇತ್ತು ಅದು" ಎಂದಳು, ಅಷ್ಟೇ. ಆ ಮಳೆಗಾಲ ಪೂರ್ತಿ ನಾವು ಅಲ್ಲಿದ್ದೆವು. ಅಜ್ಜಿ ಆಯಿಯ ಜೊತೆ ಮತ್ತೆ ಮಾತಾಡಲಿಲ್ಲ. ಮನೆಗೆ ಬೇಕಾದ್ದನ್ನೆಲ್ಲ ನನ್ನ ಮೂಲಕ ಹೇಳಿಸುತ್ತಿದ್ದಳು.

ಮಗುವನ್ನು ಆಯಿ ಆಡಿನ ಹಾಲು ಹಾಕಿ ಉಳಿಸಿಕೊಂಡಳು. ಮಳೆ ನಿಂತ ಮೇಲೆ ಚಿಕ್ಕಪ್ಪ ಮಚವೆಗೆ ಹೋಗುವಾಗ, "ಇದನ್ನ ನೀನೇ ಸಾಕು ಅತ್ತಿಗೆ" ಎಂದು ಹೇಳಿ ಹೋದ. ಮುಂದಿನ ವರ್ಷ ಅವನಿಗೆ ಬೇರೆ ಮದುವೆಯಾಯಿತು. ಮಗುವೂ ಸೇರಿ ನಾವು ಮೂವರು ಘಟ್ಟ ಹತ್ತಿ ಹುಬ್ಬಳ್ಳಿಗೆ ಬಂದೆವು.

ಈಗ ಆಯಿಗೆ ಕರೆಗಳು ಬರತೊಡಗಿದವು. ಎದುರು ಮನೆಯ ಮುದುಕಿ ಅವಳ ಹೆಸರನ್ನು ನಾಲ್ಕು ಓಣಿಗೆ ಹಬ್ಬಿಸಿದ್ದಳು. ಆಯಿ ಯಾರ ಮನೆಗೂ ಹೋಗಲಿಲ್ಲ. "ಆಸ್ಪತ್ರೆಗೆ ಕರ್ಕಂಡು ಹೋಗಿ" ಎನ್ನುತ್ತಿದ್ದಳು. ತೀರಾ ಬೇಡಿಕೊಂಡರೆ ತಾನೂ ಟಾಂಗಾದಲ್ಲಿ ಕೂತು ಆಸ್ಪತ್ರೆಯವರೆಗೆ ಹೋಗಿ, ಒಳಗೆ ಕಾಲಿಡದೆ ಮರಳುತ್ತಿದ್ದಳು. ಆ ಜನ ಅವಳಿಗೆ ಜಂಬ ಬಂದಿದೆ ಅಂದುಕೊಂಡರು. ಕ್ರಮೇಣ ಕರೆಯುವುದು ಬಿಟ್ಟರು.

ಯುದ್ಧ ಮುಗಿದಾಗ ಅಪ್ಪ ಒಮ್ಮೆ ಕೇಳಿದ. "ಊರಿಗೆ ಹೋಗ್ವನಾ? ದೋಣಿ ಕೆಲಸ ಮತ್ತೆ ಸಿಗ್ತದೆ ಹೇಳ್ತ್ರು."

ಆಯಿ ನನ್ನ ಕಡೆ ಕೈ ತೋರಿಸಿದಳು. ನಾನು ಗೋಡೆಗೊರಗಿ ಪುಸ್ತಕ ಓದುತ್ತಿದ್ದೆ, ಮೈತುಂಬಿಕೊಂಡಿದ್ದೆ, ಐದನೆಯ ಇಯತ್ತೆಗೆ ಹೋಗುವವಳಿದ್ದೆ. "ಇದ್ಕೆ ಮತ್ತೆ ಜ್ವರ ಬಂದ್ರೆ?" ಎಂದಳು. ಅಪ್ಪ ಆ ಮಾತು ಮತ್ತೆ ಎತ್ತಲಿಲ್ಲ.

ಹುಬ್ಬಳ್ಳಿಗೆ ಬಂದದ್ದು ಒಳ್ಳೆಯದಾಯಿತೇ ಎಂದು ಎಷ್ಟೋ ಜನ ನನ್ನನ್ನು ಕೇಳಿದ್ದಾರೆ. ನಾನು ಓದಿದೆ, ಮಾಸ್ತರಣಿಯಾದೆ; ನಮ್ಮ ಹೊಳೆಸಾಲಿನಲ್ಲಿ ನನ್ನ ವಾರಗೆಯ ಹುಡುಗಿಯರಲ್ಲಿ ಜ್ವರದಿಂದ ಉಳಿದವರೇ ಕಡಿಮೆ. ಹಾಗಾಗಿ ಹೌದು ಎನ್ನುತ್ತೇನೆ. ಬೇರೆ ಏನು ಹೇಳಿದರೂ ಅದು ಕೃತಘ್ನತೆಯಾಗುತ್ತದೆ. ಆದರೆ ಹಾಗೆ ಹೇಳುವಾಗಲೆಲ್ಲ ಯಾರೋ ಒಳಗಿನ ಕೋಣೆಯಿಂದ ಕೇಳಿಸಿಕೊಳ್ಳುತ್ತಿದ್ದಾರೆ ಅನ್ನಿಸಿ ದನಿ ತಗ್ಗುತ್ತದೆ.

ಚಿಕ್ಕಿಯ ಮಗಳನ್ನು ಶಾಲೆಗೆ ಸೇರಿಸಿದ್ದು ಸ್ವಾತಂತ್ರ್ಯ ಬಂದ ಎರಡು ವರ್ಷಕ್ಕೆ. ಆಯಿ ಅವಳಿಗೆ ಎರಡು ಜಡೆ ಹಾಕಿ, ಹೊಸ ಪರಕಾರ ಉಡಿಸಿದ್ದಳು. ನಾನೂ ಜೊತೆಗೆ ಹೋಗಿದ್ದೆ. ದೊಡ್ಡ ಬಾಯಿಯವರು, ಅಂದರೆ ಮುಖ್ಯ ಮಾಸ್ತರಣಿ, ರಿಜಿಸ್ಟರ್ ತೆರೆದು ಒಂದೊಂದೇ ಕೇಳಿ ಬರೆದುಕೊಂಡರು. ತಂದೆಯ ಹೆಸರಿಗೆ ಆಯಿ ಅಪ್ಪನ ಹೆಸರು ಹೇಳಿದಳು. ತಾಯಿಯ ಹೆಸರಿಗೆ ತನ್ನ ಹೆಸರು.

"ಹುಟ್ಟಿದ ಊರು?"

"ಇದೇ ಊರು ರೀ. ಹುಬ್ಬಳ್ಳಿ."

"ಮನ್ಯಾಗೋ, ಆಸ್ಪತ್ರ್ಯಾಗೋ?"

"ಆಸ್ಪತ್ರೆಲಿ" ಎಂದಳು ಆಯಿ.

ನಾನು ಅವಳತ್ತ ತಿರುಗಿದೆ. ಅವಳು ಬಾಯಿಯವರ ಲೇಖಣಿಯನ್ನೇ ನೋಡುತ್ತಿದ್ದಳು, ಅಕ್ಷರ ಬಾರದಿದ್ದರೂ, ಅದು ಬರೆದು ಮುಗಿಸುವವರೆಗೂ. ಆಮೇಲೆ ಮಗುವಿನ ಬೆನ್ನು ತಟ್ಟಿ ತರಗತಿಗೆ ಕಳಿಸಿ, ನನ್ನ ಜೊತೆ ಹೊರಗೆ ಬಂದಳು.