ಮೂರನೇ ರಾಶಿ

ಮೊನ್ನೆ ಸ್ಟಾಫ್ ರೂಮಿನಲ್ಲಿ ಕಿರುಪರೀಕ್ಷೆಯ ಉತ್ತರ ಪತ್ರಿಕೆಗಳ ಕಟ್ಟು ಬಿಚ್ಚಿದೆ. ಹದವಾಗಿ ಬೆಂದ ಹೊಗೆಸೊಪ್ಪಿನ ಸಿಹಿ ಬೆರೆತ ಘಾಟು ಮೂಗಿಗೆ ಬಡಿಯಿತು. ಬೆಳಿಗ್ಗೆ ಮನೆಯಲ್ಲಿ ಸೊಪ್ಪು ಬಿಡಿಸಿ, ಕೈ ಸರಿಯಾಗಿ ತೊಳೆಯದೆ ಬಸ್ಸು ಹತ್ತಿ ಬಂದ ಯಾರದೋ ಪತ್ರಿಕೆ. ಅಂಚಿನಲ್ಲಿ ಕಂದು ಬಣ್ಣದ ಬೆರಳಚ್ಚು ಬೇರೆ! ಬೈಯಬೇಕಾದವಳು ಪತ್ರಿಕೆಯನ್ನು ಮೂಗಿಗೆ ಹಿಡಿದು ಕೂತೆ. ಪಕ್ಕದ ಮೇಜಿನವರು ವಿಚಿತ್ರವಾಗಿ ನೋಡಿದರು. ನೋಡಲಿ ಬಿಡಿ. ನನಗೆ ಪಕ್ಕದ ಮನೆಯ ಅತ್ತೆ ನೆನಪಾಗಿದ್ದರು...

ಸಂಬಂಧದಲ್ಲಿ ಅವರು ನಮಗೇನೂ ಆಗಬೇಕಿರಲಿಲ್ಲ. ವೀರನಹೊಸಹಳ್ಳಿ ಕಡೆಯ ನಮ್ಮ ಊರಿನಲ್ಲಿ ಅವರ ಜಗುಲಿಗೂ ನಮ್ಮ ಜಗುಲಿಗೂ ನಡುವೆ ಒಂದು ಮೋಟು ಗೋಡೆ, ಅಷ್ಟೇ. ನಾನಾಗ ಹುಣಸೂರಿನಲ್ಲಿ ಡಿಗ್ರಿ ಓದುತ್ತಿದ್ದೆ. ಸಂಖ್ಯಾಶಾಸ್ತ್ರದಲ್ಲಿ ಎರಡು ಸಲ ಡುಮ್ಕಿ ಹೊಡೆದಿದ್ದೆ. "ಈ ಸಲಾನೂ ಪಾಸಾಗ್ನಿಲ್ಲ ಅಂದ್ರೆ ಕಾಲೇಜು ಸಾಕು, ಬುಡು" ಅಂದುಬಿಟ್ಟಿದ್ದರು ಅಪ್ಪ. ಅವರು ಆಡಿದ ಮಾತು ತಪ್ಪುವವರಲ್ಲ. ಪರೀಕ್ಷೆಗೆ ಉಳಿದಿದ್ದು ಮೂರು ವಾರ.

ನಾನೇನು ಸೋಮಾರಿಯಲ್ಲ. ಜಗುಲಿಯಲ್ಲಿ ಕೂತು ಇಡೀ ಬೀದಿಗೆ ಕೇಳುವಂತೆ ಓದುತ್ತಿದ್ದೆ. ಗೋಡೆಯಾಚೆ ಅತ್ತೆ ಸೊಪ್ಪು ವಿಂಗಡಿಸುತ್ತಿದ್ದರು. ಹೊಂಬಣ್ಣದ್ದು ಒಂದು ರಾಶಿ, ಮಧ್ಯಮದ್ದು ಇನ್ನೊಂದು, ಹಸಿರು ಉಳಿದದ್ದು, ಕಪ್ಪು ಮಚ್ಚೆಯದ್ದು ಮೂರನೆಯದು. ಒಂದು ಮಧ್ಯಾಹ್ನ ಕೈ ನಿಲ್ಲಿಸಿದರು.

"ಲೇ ಅಮ್ಮಿ, ನಾಕ್ ದಿನದಿಂದ ಅದೇ ಸರಾಸರಿ ಪಾಠ ಓದ್ತಿದೀಯಲ್ಲ, ನಂಗೇ ಬಾಯಿಪಾಠ ಆಗೋಯ್ತು. ಬ್ಯಾರೆ ಪಾಠ ಇಲ್ವಾ?"

"ಅವು ನಂಗೆ ಬರಲ್ಲ ಕಣತ್ತೆ."

"ಬರೋದ್ನೇ ಓದಾಕೆ ಕಾಲೇಜ್ಯಾಕೆ?"

ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಆಮೇಲೆ ತಮ್ಮದೇ ಕಥೆ ಹೇಳಿದರು. ಮದುವೆಯಾದ ಹೊಸತರಲ್ಲಿ ಮಾವನನ್ನು ಮೆಚ್ಚಿಸಲು ಹರಾಜಿಗೆ ಕಟ್ಟುವ ದೊಡ್ಡ ಮೂಟೆ, ಅದೇ ಬೇಲು, ಅದರ ಮೇಲ್ಗಡೆಯೆಲ್ಲ ಒಳ್ಳೆಯ ಸೊಪ್ಪು ಜೋಡಿಸಿ, ಕಳಪೆಯದನ್ನು ಹೊಟ್ಟೆಯೊಳಗೆ ತುರುಕಿದ್ದರಂತೆ. ಹರಾಜಿನಲ್ಲಿ ಕೊಳ್ಳುವವನು ಮೊಣಕೈವರೆಗೆ ಕೈ ತೂರಿಸಿ ಕಪ್ಪು ಸೊಪ್ಪನ್ನೇ ಎಳೆದು ತೆಗೆದನಂತೆ. ಬೇಲು ವಾಪಸ್ ಮನೆಗೆ! "ನಮ್ಮಾವ ಆರ್ ತಿಂಗ್ಳು ನನ್ನ ಬೇಲಮ್ಮ ಅಂತ್ಲೇ ಕರೀತಿದ್ರು ಕಣಮ್ಮಿ. ಪರೀಕ್ಸೆ ಮಾಡೋರೂ ಅಂಗೇ, ಒಳೀಕೇ ಕೈ ಆಕ್ತಾರೆ."

ಆವತ್ತೇ ಪಾಠದ ಒಂದೊಂದು ವಿಷಯಕ್ಕೂ ಒಂದೊಂದು ಚೀಟಿ ಬರೆಸಿದರು. ಮೋಟು ಗೋಡೆಯ ಮೇಲೆ ಮೂರು ರಾಶಿ. ಗಾಳಿಗೆ ಹಾರದಂತೆ ಮೂರು ಕಲ್ಲು. ಬರುತ್ತೆ, ಅರೆಬರೆ, ಬರಲ್ಲ. ಮೊದಲನೆಯದರಲ್ಲಿ ಎರಡು ಚೀಟಿ, ಮೂರನೆಯದರಲ್ಲಿ ಹನ್ನೊಂದು. ಅದನ್ನು ನೋಡಿ ನಾನು ಅತ್ತುಬಿಟ್ಟೆ.

"ಅಳ್ಬ್ಯಾಡ. ಇಷ್ಟು ದಿನ ಎಷ್ಟದೆ ಅಂತ್ಲೇ ಗೊತ್ತಿರ್ನಿಲ್ಲ. ಈಗ ಗೊತ್ತಾಯ್ತಲ್ಲ?"

ಪುಸ್ತಕ ಮುಚ್ಚಿ ಲೆಕ್ಕ ಮಾಡಿ ತೋರಿಸಿದರೆ ಮಾತ್ರ ಚೀಟಿ 'ಬರುತ್ತೆ' ರಾಶಿಗೆ. ಅತ್ತೆಗೆ ಲೆಕ್ಕದ ತಲೆಬುಡ ತಿಳಿಯುತ್ತಿರಲಿಲ್ಲ. ಅವರು ನೋಡುತ್ತಿದ್ದದ್ದು ನನ್ನ ಕೈಯನ್ನು. "ಅಲ್ಲಿ ಪೆನ್ನು ತಡೀತು. ಯಾಕ್ ತಡೀತು, ಏಳು" ಎನ್ನುತ್ತಿದ್ದರು. ಹೇಳಲು ಹೊರಟಾಗಲೇ ಎಷ್ಟೋ ಸಲ ತಪ್ಪು ನನಗೇ ಹೊಳೆಯುತ್ತಿತ್ತು! ಆಗ ನಾವಿಬ್ಬರೂ ಕೇಕೆ ಹಾಕಿ ನಗುತ್ತಿದ್ದೆವು. ಅಮ್ಮ ಒಳಗಿನಿಂದ, "ಓದ್ತಿದ್ದೀರೋ ಕುಣೀತಿದ್ದೀರೋ?" ಎಂದು ಕೂಗುತ್ತಿದ್ದಳು.

ಪರೀಕ್ಷೆಯ ಹಿಂದಿನ ಸಂಜೆ ಮೂರನೇ ರಾಶಿಯಲ್ಲಿ ಇನ್ನೂ ಎರಡು ಚೀಟಿ ಇದ್ದವು. ನನಗೆ ಗಾಬರಿ. ಅತ್ತೆ ಮಾತ್ರ ಅವನ್ನು ಕಲ್ಲಿನ ಕೆಳಗೇ ಬಿಟ್ಟರು. "ಆ ರಾಶಿ ಪೂರ್ತಿ ಖಾಲಿ ಅಂದಿದ್ರೆ ನಾನ್ ನಂಬ್ತಿರ್ನಿಲ್ಲ. ಓಗಿ ಬಾ."

ಅಂಕಪಟ್ಟಿ ಬಂದಾಗ ಮೊದಲು ಓಡಿದ್ದು ಅವರಲ್ಲಿಗೆ. ಅರವತ್ತೊಂದು! ಅತ್ತೆ ಅದನ್ನು ಬೆಳಕಿಗೆ ಹಿಡಿದರು, ಎರಡು ಬೆರಳಲ್ಲಿ ಉಜ್ಜಿದರು, ಮೂಸಿಯೂ ನೋಡಿದರು. "ಮೀಡಿಯಂ ಗ್ರೇಡು. ಪರ್ವಾಗಿಲ್ಲ, ಹರಾಜ್ನಲ್ಲಿ ಓಗ್ತದೆ." ಗೋಡೆಯ ಬಳಿ ಬಂದು ನಿಂತಿದ್ದ ನಮ್ಮ ಮನೆಯವರಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕವರು ಅಪ್ಪ. ಮಾರನೆಯ ದಿನ ಕಾಲೇಜಿನ ಬಸ್ಸಿಗೆ ನನ್ನನ್ನು ಹತ್ತಿಸಿದವರೂ ಅವರೇ.

ಅತ್ತೆ ಹೋಗಿ ಒಂದು ವರ್ಷವಾಯಿತು. ಸೊಪ್ಪು ಬಿಡಿಸುವ ಕಾಲದಲ್ಲೇ ಹೋದರು...

ಈಗ ಅದೇ ಹುಣಸೂರಿನ ಕಾಲೇಜಿನಲ್ಲಿ ನಾನು ಸಂಖ್ಯಾಶಾಸ್ತ್ರದ ಮೇಡಂ. ತಿದ್ದಿದ ಪತ್ರಿಕೆ ಹಂಚುವ ಮೊದಲು ಎಲ್ಲರ ಕೈಲೂ ಚೀಟಿ ಬರೆಸುತ್ತೇನೆ, ಮೂರು ರಾಶಿ ಮಾಡಿಸುತ್ತೇನೆ. ಈ ಸಲ ಅತ್ತೆಯ ಕಥೆಯನ್ನೂ ಹೇಳಿದೆ. ಬೇಲಮ್ಮ ಅಂದಾಗ ತರಗತಿ ಬಿದ್ದು ಬಿದ್ದು ನಕ್ಕಿತು. ಆಗ ಹಿಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು ನಿಂತಳು. ಬೆರಳ ತುದಿಗಳೆಲ್ಲ ಕಂದು.

"ಮೇಡಂ, ನಿಮ್ಮ ಮೂರ್ನೇ ರಾಶೀಲಿ ಏನದೆ?"

ನಗುತ್ತಲೇ ಯೋಚಿಸಿದೆ. ಸುಳ್ಳು ಹೇಳಿದರೆ ಅತ್ತೆ ನಂಬುತ್ತಿರಲಿಲ್ಲ.

"ಊರಿಗೆ ಹೋದಾಗ, ಆ ಗೋಡೆಯ ಹತ್ತಿರ ನಿಂತು 'ಅತ್ತೆ' ಅಂತ ಕೂಗದೆ ಮನೆಯೊಳಕ್ಕೆ ಹೋಗೋದು" ಅಂದೆ. "ಅದು ನಂಗೆ ಇನ್ನೂ ಬರಲ್ಲ."