ಗಿಡ್ಡ ಸೊಂಡಿಲಿನ ರೂಪಾಯಿ

ಕಾದ ತಾಮ್ರದ ಮೇಲೆ ನವಸಾಗರದ ಪುಡಿ ಉದುರಿಸಿದಾಗ ಏಳುವ ಬಿಳಿ ಹೊಗೆಯ ಘಾಟು ನಿಮ್ಮಲ್ಲಿ ಎಷ್ಟು ಜನಕ್ಕೆ ನೆನಪಿದೆಯೋ ಕಾಣೆ. ಮೊನ್ನೆ ಬೀದಿಯಲ್ಲಿ ಯಾರೋ ಹಳೆಯ ಕೊಳಗಕ್ಕೆ ಕಲಾಯಿ ಹಾಕುತ್ತಿದ್ದರು. ಆ ಘಾಟು ಮೂಗಿಗೆ ಬಡಿದದ್ದೇ ತಡ, ಶ್ರೀನಿವಾಸಪುರದ ನಮ್ಮ ಹಿತ್ತಿಲು, ಹುಣಿಸೆಮರದ ಬುಡದಲ್ಲಿ ತಿದಿ ಒತ್ತುತ್ತ ಕೂತ ಹುಸೇನ್ ಸಾಬರು, ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತ ನಾಗತ್ತೆ ಎಲ್ಲ ಒಟ್ಟಿಗೆ ಕಣ್ಣಮುಂದೆ ಬಂದುಬಿಟ್ಟರು. ನಾಗತ್ತೆ ನಮ್ಮಪ್ಪನ ಅಕ್ಕ, ಮನೆಯ ಯಜಮಾನಿ. ಸಾಬರು ತಾಯಲೂರಿನವರು, ವರ್ಷವರ್ಷವೂ ಮಾವು ಹೂ ಬಿಡುವ ಹೊತ್ತಿಗೆ ಬಂದು ನಮ್ಮ ಪಾತ್ರೆಗಳಿಗೆ ಕಲಾಯಿ ಹಾಕಿ ಹೋಗುತ್ತಿದ್ದರು.

ಅತ್ತೆಗೆ ಅಕ್ಷರ ಬರದು, ನಾಣ್ಯ ಮಾತ್ರ ಚೆನ್ನಾಗಿ ಓದುತ್ತಿದ್ದಳು. ಮಾವಿನ ಮಂಡಿಯಿಂದ ಅಪ್ಪ ತಂದ ಚಿಲ್ಲರೆಯನ್ನು ಮೊರಕ್ಕೆ ಸುರಿದು, ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಆರಿಸುವಳು. ರಾಣಿಯ ಮುಖದ್ದು ಒಂದು ಕಡೆ, ಬೋಳುತಲೆಯ ದೊರೆಯದು ಇನ್ನೊಂದು ಕಡೆ. ಎರಡನೇ ಮಹಾಯುದ್ಧ ಶುರುವಾದ ಮೇಲೆ ಬಂದ, ಬೆಳ್ಳಿ ಕಡಿಮೆಯಾದ ರೂಪಾಯಿಯನ್ನು ಕಲ್ಲಿನ ಮೇಲೆ ಬೀಳಿಸಿ ಸದ್ದಿನಲ್ಲೇ ಹಿಡಿಯುವಳು. ಹಾಗೆ ಆರಿಸುವಾಗ ಒಮ್ಮೆ ಹಂದಿ ರೂಪಾಯಿ ಸಿಕ್ಕಿತು. ಬೋಳುತಲೆಯವನ ನಂತರ ಬಂದ ಕಿರೀಟದ ದೊರೆಯ ನಿಲುವಂಗಿಯ ಮೇಲೆ ಪುಟ್ಟದೊಂದು ಆನೆ ಇರುತ್ತದಲ್ಲ, ಮೊದಲ ವರ್ಷದ ಅಚ್ಚಿನಲ್ಲಿ ಅದರ ಸೊಂಡಿಲು ಗಿಡ್ಡವಾಗಿ ಹಂದಿಯ ಮೂತಿಯಂತೆ ಕಾಣುತ್ತಿತ್ತು. ಜನ ಗಲಾಟೆ ಮಾಡಿದ ಮೇಲೆ ಸರ್ಕಾರ ಅದನ್ನು ವಾಪಸು ಪಡೆದು, ಮರುವರ್ಷ ಸೊಂಡಿಲು ಸರಿಮಾಡಿತಂತೆ. ಅತ್ತೆ ಅದನ್ನು ಗೋಡೆಯ ಗೂಡಿನಲ್ಲಿ, ಎಲೆಅಡಿಕೆ ತಟ್ಟೆಯ ಕೆಳಗೆ ಇಟ್ಟಳು. “ಇದನ್ನ ಸಾಬ್ರ ಕೈಗೆ ಮಾತ್ರ ಕೊಡಬಾರ್ದು ಕಣೇ, ಮನಸ್ಸಿಗೆ ನೋವಾಗ್ತದೆ” ಎಂದಿದ್ದಳು.

ಕೊಟ್ಟವಳು ನಾನೇ. ಆ ವರ್ಷ ಕಲಾಯಿ ಮುಗಿದಾಗ ಅತ್ತೆ ಹಿಟ್ಟು ಕಲಸುತ್ತ, ಗೂಡಿನಲ್ಲಿರುವ ರೂಪಾಯಿಯನ್ನು ಸಾಬರಿಗೆ ಕೊಡು ಎಂದಳು. ಎಂಟು ವರ್ಷದ ನಾನು ಅವಳ ಹಿಂದಿನ ಮಾತು ಮರೆತು, ತಟ್ಟೆಯ ಪಕ್ಕದಲ್ಲಿದ್ದದ್ದನ್ನು ಬಿಟ್ಟು ಕೆಳಗಿದ್ದದ್ದನ್ನು ಕೊಟ್ಟೆ. ಸಾಬರು ಹೋದ ಮೇಲೆ ಗೂಡು ನೋಡಿದ ಅತ್ತೆಯ ಮುಖ ಬಿಳಿಚಿಕೊಂಡಿತು. ನಾನು ಹುಟ್ಟುವ ಮೊದಲಿಂದ ಬಂದುಹೋಗುವ ಮನುಷ್ಯ. ಬೇಕೆಂದೇ ಅವಮಾನ ಮಾಡಿದರು ಅಂದುಕೊಂಡರೆ ಮತ್ತೆ ನಮ್ಮ ಹೊಸಿಲು ತುಳಿಯುತ್ತಾರೆಯೇ? ಉಳಿದ ರೂಪಾಯಿಯನ್ನು ಹಿಡಿದು, ಹಿಟ್ಟಿನ ಕೈಯಲ್ಲೇ ಅತ್ತೆ ಬೀದಿಗಿಳಿದಳು. ಹಿಂದೆಯೇ ನಾನು ಓಡಿದೆ.

ಸಾಬರು ಕಟ್ಟೆಯ ಮೇಲೆ ಬಸ್ಸಿಗೆ ಕಾಯುತ್ತಿದ್ದರು. ರೂಪಾಯಿ ಅವರ ಅಂಗೈಯಲ್ಲೇ ಇತ್ತು. ನನಗೆ ಅಳು ಬಂತು. ಸಾಬರು ನಾಣ್ಯವನ್ನು ಅಂಗಿಯ ತುದಿಗೆ ತಿಕ್ಕಿ ನನ್ನ ಕಣ್ಣಿಗೆ ಹಿಡಿದರು.

“ಯಾಕಳ್ತೀಯ ಅಮ್ಮಣ್ಣಿ? ರಾಜ ಆದೋನು ಎದೆ ಮೇಲೆ ಹಂದಿ ಹಾಕ್ಕೊಂತಾನಾ? ಆನೇನೇ ಇದು. ಅಚ್ಚು ಕೊರೆದೋನೂ ನನ್ನಂಗೆ ಕೈಕೆಲಸದೋನು, ಸೊಂಡ್ಲು ಒಸಿ ಗಿಡ್ಡ ಬಿದ್ದೈತೆ, ಅಷ್ಟೇ.”

ಅತ್ತೆ ಬೇರೆ ರೂಪಾಯಿ ಚಾಚಿದರೆ, “ಬೇಡಕ್ಕಾ, ಇದೇ ಇರ್ಲಿ. ನಮ್ಮ ಮಗೂಗೆ ಆನೆ ಅಂದ್ರೆ ಆಸೆ” ಎಂದು ಸೊಂಟಕ್ಕೆ ಸಿಕ್ಕಿಸಿಕೊಂಡರು. ಅತ್ತೆ ಅಲ್ಲೇ ಕಟ್ಟೆಯ ಮೇಲೆ ಕುಸಿದು ಕೂತು, ನಗುತ್ತ ಕಣ್ಣೊರೆಸಿಕೊಂಡಳು. ಅವಳ ಮುಖಕ್ಕೆಲ್ಲ ಹಿಟ್ಟು ಮೆತ್ತಿತು. ಎದೆಯ ಮೇಲಿನ ಕಲ್ಲು ಇಳಿದಂತಾಯಿತು ಅನ್ನುತ್ತಾರಲ್ಲ, ಅದು ಏನೆಂದು ನನಗೆ ಗೊತ್ತಾದದ್ದು ಆವತ್ತು.

ಮರುವರ್ಷ ಮಾವು ಹೂ ಬಿಟ್ಟಾಗ ಸಾಬರು ತಿದಿ ಹೊತ್ತು ಬಂದರು. “ಆನೆ ಹೆಂಗಿದೆ ಸಾಬ್ರೇ?” ಎಂದಳು ಅತ್ತೆ. “ಮಗಳ ಸರದಾಗೆ ಐತಕ್ಕಾ” ಎಂದರು. ಆಮೇಲೆ ಪ್ರತಿವರ್ಷವೂ ಅವರಿಬ್ಬರ ಮೊದಲ ಮಾತು ಅದೇ.

ಸಾಬರು ಹೋದರು, ಅತ್ತೆಯೂ ಹೋದಳು. ಹುಣಿಸೆಮರದ ಜಾಗದಲ್ಲಿ ಈಗ ಅಂಗಡಿಗಳಿವೆ, ನನ್ನ ಅಡುಗೆಮನೆಯಲ್ಲಿ ಬರೀ ಸ್ಟೀಲು. ಅಂಥ ರೂಪಾಯಿ ಈಗ ಬಲು ಅಪರೂಪ, ಇಟ್ಟುಕೊಂಡಿದ್ದರೆ ಒಳ್ಳೆಯ ಬೆಲೆ ಬರುತ್ತಿತ್ತು ಎಂದು ತಿಳಿದವರು ಹೇಳುತ್ತಾರೆ. ನನಗೆ ಕಳೆದುಕೊಂಡೆ ಅನ್ನಿಸುವುದಿಲ್ಲ. ತಾಯಲೂರಿನ ಯಾವುದೋ ಮನೆಯಲ್ಲಿ, ಯಾರದೋ ಕೊರಳಲ್ಲಿ, ಅದು ಇನ್ನೂ ಆನೆಯಾಗಿಯೇ ಇದ್ದರೆ ಸಾಕು.