ಏನೂ ಇಲ್ಲ, ಇಂಜೆಕ್ಷನ್ ಹಾಕಿ

ದೊಡ್ಡಪ್ಪನ ಬಲಗೈ ತೋರುಬೆರಳು ಕುಂಬಳದ ತೊಟ್ಟಿನಷ್ಟು ದಪ್ಪ. ಅದು ಮೇಲೆದ್ದಿತೆಂದರೆ ಮಿಕ್ಕವರು ಬಾಯಿ ಮುಚ್ಚಬೇಕು. ದೊಡ್ಡಬೆಳವಂಗಲದ ಕಡೆ ಯಾರು ಕಾಯಿಲೆ ಬಿದ್ದು ಮಲಗಿದರೂ ಆಸ್ಪತ್ರೆಗೆ ಜೊತೆಗೆ ಹೊರಡುವವರು ಅವರೇ. ರೋಗಿಯದು ಬರೀ ಮೈ, ಮಾತೆಲ್ಲ ಇವರದು.

ನಮ್ಮಮ್ಮ ಅವರ ತಮ್ಮನ ಹೆಂಡತಿ. ಭಾವನ ಎದುರು ಬಾಯಿ ಬಿಡಬಾರದೆಂದು ಮದುವೆಯಾಗಿ ಬಂದಾಗ ಕಲಿಸಿದ್ದನ್ನು ತಲೆ ನರೆತರೂ ಬಿಟ್ಟವಳಲ್ಲ. ಅವರು ಜಗಲಿಯಲ್ಲಿ ಕೂತಿದ್ದರೆ ಇವಳು ಹಿತ್ತಲಿಂದ ಸುತ್ತಿ ಬರುತ್ತಿದ್ದಳು.

ಬಿಡದ ತಲೆನೋವೆಂದು ಅಮ್ಮನಿಗೆ ದೊಡ್ಡಬಳ್ಳಾಪುರದಲ್ಲಿ ಎಂಆರ್‌ಐ ಮಾಡಿಸಲು ಹೋದೆವು. ಚಿತ್ರ ಸ್ಪಷ್ಟವಾಗಿ ಕಾಣಲು ನರಕ್ಕೆ ಕಾಂಟ್ರಾಸ್ಟ್ ಇಂಜೆಕ್ಷನ್ ಕೊಡಬೇಕು, ಅದನ್ನು ಮೈಯಿಂದ ಹೊರಹಾಕುವುದು ಕಿಡ್ನಿ, ಅದು ತೀರಾ ಸೋತಿದ್ದರೆ ಅಪಾಯ ಎಂದ ಡಾಕ್ಟರು, ಕಿಡ್ನಿ ತೊಂದರೆ ಇದೆಯಾ ಎಂದು ಅಮ್ಮನನ್ನೇ ಕೇಳಿದರು. ಬೆರಳು ಎದ್ದಿತು.

"ಏನೂ ಇಲ್ಲ, ಹಾಕಿ ಸಾರ್. ಗುಂಡುಕಲ್ಲು ಇದ್ದಂಗವ್ಳೆ."

ಅಮ್ಮನ ಎರಡೂ ಕಿಡ್ನಿ ಸೋತಿರುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ನನ್ನ ತಂಗಿಯನ್ನು ಮದುವೆಗೆ ನೋಡಿಹೋಗಿದ್ದ ಸಮೇತನಹಳ್ಳಿಯವರ ನೆಂಟನೊಬ್ಬ ಅಲ್ಲೇ ಕೆಲಸಕ್ಕಿದ್ದ. ಮನೆತನದಲ್ಲಿ ಕಾಯಿಲೆ ಇದೆಯೆಂದು ತಾವು ತಂದ ಸಂಬಂಧ ಮುರಿದರೆ ಇವರ ಮರ್ಯಾದೆ ಹೋಗುತ್ತದಲ್ಲ! ಆ ಮರ್ಯಾದೆಗಿಷ್ಟು ಬೆಂಕಿ ಬೀಳ. ಅಮ್ಮ ಸೆರಗು ಬಾಯಿಗೆ ಹಿಡಿದು ನನ್ನನ್ನೇ ನೋಡಿದಳು. ನಾನು ಡಾಕ್ಟರಿಗೆ ನಿಜ ಹೇಳಿದೆ. ಇಂಜೆಕ್ಷನ್ ಇಲ್ಲದೆಯೇ ಸ್ಕ್ಯಾನ್ ಆಯಿತು. ಸಂಬಂಧವೂ ಮುರಿಯಲಿಲ್ಲ. ದೊಡ್ಡಪ್ಪ ಮಾತ್ರ ದಾರಿಯುದ್ದಕ್ಕೂ ನನ್ನನ್ನು ಬಾಯಿಬಡುಕಿ ಎಂದು ಬೈದರು.

ಮುಂದೆ ದೊಡ್ಡಪ್ಪನ ಲಿವರಿಗೇ ಎಂಆರ್‌ಐ ಮಾಡಿಸಬೇಕಾಗಿ ಬಂತು. ಅದೇ ಡಾಕ್ಟರು, ಅದೇ ಪ್ರಶ್ನೆ. ಅಯ್ಯೋ, ಆಗ ನೋಡಬೇಕಿತ್ತು ನಮ್ಮ ದೊಡ್ಡಪ್ಪನನ್ನು! ಚಿಕ್ಕಂದಿನ ದಡಾರ, ಬದನೆಕಾಯಿ ತಿಂದರೆ ಬರುವ ತುರಿಕೆ, ಬೆಳಗಿನ ಸೀನು, ಒಂದನ್ನೂ ಬಿಡಲಿಲ್ಲ. ರಕ್ತಪರೀಕ್ಷೆಯಲ್ಲಿ ಕಿಡ್ನಿ ಚೆನ್ನಾಗಿದೆ ಎಂದು ಬಂದರೂ ನಂಬದೆ, "ಇನ್ನೊಂದ್ಸಲ ನೋಡ್ಬಿಡಿ ಸಾರ್" ಎಂದು ಡಾಕ್ಟರ ಕೈ ಹಿಡಿದುಕೊಂಡರು. ಆ ಬೆರಳು ಈ ಸಲ ಮೇಲೇಳಲಿಲ್ಲ. ನನಗೆ ಕನಿಕರ ಬರಲಿಲ್ಲ.

ಹೋದ ವರ್ಷ ತೀರಿಕೊಂಡರು. ತಿಥಿಗೆ ಬಂದವರೆಲ್ಲ ಊರಿಗೇ ದಿಕ್ಕಾಗಿದ್ದರೆಂದು ಹೊಗಳಿ, ಉಂಡು ಹೋದರು. ಮನೆ ಖಾಲಿಯಾದ ಮೇಲೆ ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಾರ ಹಾಕಿದ ಫೋಟೋದ ನೇರ ಎದುರಿಗೆ ಹೋಗಿ ನಿಂತಳು. ಅವರ ಮುಂದೆ ಅವಳು ಆಡಿದ ಮೊದಲ ಮಾತು ಅದು.

"ನಂಗೆ ಕಿಡ್ನಿ ತೊಂದ್ರೆ ಐತೆ ಭಾವ. ಕೇಳುಸ್ತಾ?"